ಕಬ್ಬಿಣ ಕಟ್ಟಿಹಾಕುವ ಔಷಧದಿಂದ ಅಸ್ತಮಾ ತಗ್ಗುತ್ತಾ? ಐರನ್ ಮಾತ್ರೆ ತೆಗೆದುಕೊಳ್ಳುವವರ ಗತಿ ಏನು?

ನೀಲಿಪಫ್

ಎಲ್ಲರಿಗೂ ನಮಸ್ಕಾರ. ನನಗೆ ಚಿಕ್ಕಂದಿನಿಂದ ಅಸ್ತಮಾ. ಎರಡು ಹೊತ್ತು ಸ್ಟೀರಾಯ್ಡ್ ಇನ್ಹೇಲರ್ ಎಳೆಯುತ್ತೇನೆ. ಮಧ್ಯೆ ಎದೆ ಬಿಗಿದರೆ ನೀಲಿ ಇನ್ಹೇಲರ್. ಈಚೆಗೆ ಸುಸ್ತು ಜಾಸ್ತಿ ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಕಡಿಮೆ, ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಇನ್ನೂ ಕಡಿಮೆ ಅಂತ ಬಂತು. ಡಾಕ್ಟರ್ ಐರನ್ ಮಾತ್ರೆ ಬರೆದುಕೊಟ್ಟರು.

ಅದೇ ಹೊತ್ತಿಗೆ ಒಂದು ಸುದ್ದಿ ಕಣ್ಣಿಗೆ ಬಿತ್ತು. ದೇಹದ ಕಬ್ಬಿಣವನ್ನು ಹಿಡಿದು ಹೊರಹಾಕುವ ಔಷಧ ಕೊಟ್ಟರೆ ಅಸ್ತಮಾದ ಉರಿಯೂತ ತಗ್ಗುತ್ತದಂತೆ. ಶ್ವಾಸಕೋಶದ ಯಾವುದೋ ಕಣಗಳು ಕಬ್ಬಿಣದ ಬಲದಿಂದಲೇ ಕೆರಳುತ್ತವಂತೆ. ಹಾಗಾದರೆ ನಾನು ನುಂಗುತ್ತಿರುವ ಮಾತ್ರೆ ನನ್ನ ಅಸ್ತಮಾಕ್ಕೇ ಹೋಗಿ ಸೇರುತ್ತಿದೆಯಾ? ಭಯವಾಗಿ ಸದ್ಯಕ್ಕೆ ಮಾತ್ರೆ ಬಿಟ್ಟಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಲ್ಯಾಬ್‌ಮೂಲೆ

ನೀಲಿಪಫ್ ಅವರೇ, ಮೊದಲು ಒಂದು ಮಾತು. ಮಾತ್ರೆ ಬಿಡಬೇಡಿ. ಬಿಡುವುದೇ ಆದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ ಬಿಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನನ್ನ ಕೆಲಸ ರೋಗನಿರೋಧಕ ಕಣಗಳ ಮೇಲೆ. ನೀವು ನೋಡಿದ ಸುದ್ದಿಯ ಹಿಂದಿರುವುದು ಬಹುಶಃ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಮಿದ್ ಅಕ್ಬರಿ ಅವರ ತಂಡದ ಕೆಲಸ. 2024ರಲ್ಲಿ ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಒಳ್ಳೆಯ ಕೆಲಸ, ನನಗೆ ತುಂಬಾ ಹಿಡಿಸಿತು. ಆದರೆ ಸುದ್ದಿಯ ತಲೆಬರಹ ಓದಿ ಅರ್ಥಮಾಡಿಕೊಳ್ಳುವಷ್ಟು ಸುಲಭದ ವಿಷಯ ಅಲ್ಲ.

ಅವರು ನೋಡಿದ್ದು ಐಎಲ್‌ಸಿ2 ಎಂಬ ರೋಗನಿರೋಧಕ ಕಣಗಳನ್ನು. ಶ್ವಾಸಕೋಶದಲ್ಲಿ ಇವುಗಳ ಸಂಖ್ಯೆ ತೀರಾ ಕಡಿಮೆ, ಆದರೆ ಪ್ರಭಾವ ದೊಡ್ಡದು. ಅಲರ್ಜಿ ತರುವ ವಸ್ತು ಒಳಗೆ ಹೋದಾಗ ಶ್ವಾಸನಾಳದ ಒಳಪದರಕ್ಕೆ ಪೆಟ್ಟಾಗುತ್ತದೆ. ಆ ಪದರ ಐಎಲ್-33 ಎಂಬ ಸಂಕೇತ ಬಿಡುತ್ತದೆ. ಐಎಲ್‌ಸಿ2 ಕಣಗಳು ಅದಕ್ಕೆ ಕೂಡಲೇ ಎದ್ದು ನಿಲ್ಲುತ್ತವೆ. ಐಎಲ್-5, ಐಎಲ್-13 ಎಂಬ ಬೇರೆ ಸಂಕೇತಗಳನ್ನು ಸುರಿಸುತ್ತವೆ. ಐಎಲ್-5 ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಐಎಲ್-13 ಕಫ ಹೆಚ್ಚಿಸುತ್ತದೆ, ನಾಳಗಳು ಸಣ್ಣ ಕಾರಣಕ್ಕೂ ಬಿಗಿಯುವಂತೆ ಮಾಡುತ್ತದೆ. ಅಸ್ತಮಾ ಇರುವವರಿಗೆ ಮುಂದಿನದ್ದು ಹೇಳಬೇಕಿಲ್ಲ.

ಹೀಗೆ ಎದ್ದ ಕಣಕ್ಕೆ ಕಬ್ಬಿಣ ಬೇಕು. ಅದಕ್ಕೆ ಅದು ತನ್ನ ಮೈಮೇಲೆ ಟ್ರಾನ್ಸ್‌ಫೆರಿನ್ ರಿಸೆಪ್ಟರ್-1 ಎಂಬ ಪ್ರೋಟೀನನ್ನು ಬೇಗ ಬೇಗ ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವುದು ಟ್ರಾನ್ಸ್‌ಫೆರಿನ್. ರಿಸೆಪ್ಟರ್ ಅದನ್ನು ಹಿಡಿದು ಕಣದ ಒಳಗೆ ಎಳೆದುಕೊಳ್ಳುತ್ತದೆ. ಈ ದಾರಿಯನ್ನು ತಡೆದರೆ ಐಎಲ್‌ಸಿ2 ಹೆಚ್ಚುವುದೂ ಕೆರಳುವುದೂ ಕಡಿಮೆಯಾಯಿತು. ಇಲಿಗಳಿಗೆ ಕಬ್ಬಿಣ ಹಿಡಿಯುವ ಔಷಧ ಕೊಟ್ಟಾಗ ಶ್ವಾಸನಾಳ ಬಿಗಿಯುವುದು ತಗ್ಗಿತು. ಮನುಷ್ಯರ ರಕ್ತದಿಂದ ತೆಗೆದ ಐಎಲ್‌ಸಿ2 ಕೂಡ ಕಬ್ಬಿಣ ಸಿಗದಿದ್ದಾಗ ಮಂಕಾದವು.

ಗಮನಿಸಿ. ಔಷಧ ಕೊಟ್ಟಿದ್ದು ಇಲಿಗಳಿಗೆ. ಮನುಷ್ಯರ ಕಣಗಳನ್ನು ಪರೀಕ್ಷಿಸಿದ್ದು ದೇಹದ ಹೊರಗೆ. ಅಸ್ತಮಾ ರೋಗಿಗಳಲ್ಲಿ ಅವರು ನೋಡಿದ್ದು ಒಂದು ಸಂಬಂಧವನ್ನು ಮಾತ್ರ: ಐಎಲ್‌ಸಿ2 ಮೇಲೆ ಆ ರಿಸೆಪ್ಟರ್ ಜಾಸ್ತಿ ಇದ್ದಷ್ಟೂ ಉಸಿರಾಟದ ಸಾಮರ್ಥ್ಯ ಕಡಿಮೆ. ಅಲ್ಲಿ ಯಾರಿಗೂ ಔಷಧ ಕೊಟ್ಟಿಲ್ಲ.

ಹಳೇದಮ್ಮು

ಲ್ಯಾಬ್‌ಮೂಲೆ ಅವರೇ, ನನ್ನದು ಗಟ್ಟಿ ಅಸ್ತಮಾ. ಹೆಚ್ಚಿನ ಡೋಸ್ ಇನ್ಹೇಲರ್ ಇದ್ದರೂ ವರ್ಷದಲ್ಲಿ ಹಲವು ಸಲ ಸ್ಟೀರಾಯ್ಡ್ ಮಾತ್ರೆಗೆ ಬರುತ್ತೇನೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ರಾತ್ರಿ ನಿದ್ದೆ ಇಲ್ಲ. ಮೂಳೆ ಸವೆದಿದೆ ಅಂತ ಸ್ಕ್ಯಾನ್‌ನಲ್ಲಿ ಬಂದಿದೆ. ಇಂಥ ಸುದ್ದಿ ನೋಡಿದಾಗ ಮನಸ್ಸು ತಡೆಯುವುದಿಲ್ಲ.

ಈ ಔಷಧಗಳು ಹೊಸತೇನಲ್ಲವಲ್ಲ. ಥಲಸ್ಸೀಮಿಯ ಅಂತ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದು, ಪದೇ ಪದೇ ರಕ್ತ ಏರಿಸಿಕೊಳ್ಳುವವರಿಗೆ ಎಷ್ಟೋ ಕಾಲದಿಂದ ಕೊಡುತ್ತಿದ್ದಾರೆ. ಡಾಕ್ಟರ್ ಒಪ್ಪಿದರೆ ನಾನೇ ಯಾಕೆ ಸ್ವಲ್ಪ ದಿನ ತೆಗೆದುಕೊಂಡು ನೋಡಬಾರದು? ನನ್ನ ಹಿಮೋಗ್ಲೋಬಿನ್ ಚೆನ್ನಾಗಿಯೇ ಇದೆ.

ಔಷಧಕೌಂಟರ್

ನಾನು ಫಾರ್ಮಸಿಸ್ಟ್. ಹಳೇದಮ್ಮು ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಈ ಔಷಧಗಳ ಬಗ್ಗೆ ಬಿಡಿಸಿ ಹೇಳುತ್ತೇನೆ.

ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು. ಡೆಫೆರಾಕ್ಸಮಿನ್ ಹಳೆಯದು, 1960ರ ದಶಕದಿಂದ ಇದೆ. ಸ್ಟ್ರೆಪ್ಟೊಮೈಸಿಸ್ ಪೈಲೋಸಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಕಬ್ಬಿಣ ಹುಡುಕಲು ಮಾಡಿಕೊಂಡ ವಸ್ತುವಿನಿಂದ ಬಂದದ್ದು. ನುಂಗಿದರೆ ಕೆಲಸಕ್ಕೆ ಬರುವುದಿಲ್ಲ. ರಕ್ತದಲ್ಲಿ ಬೇಗ ಇಳಿದುಹೋಗುತ್ತದೆ. ಹಾಗಾಗಿ ಚರ್ಮದ ಕೆಳಗೆ ಸೂಜಿ ಚುಚ್ಚಿ, ಸಣ್ಣ ಪಂಪ್‌ನಿಂದ 8ರಿಂದ 12 ಗಂಟೆ ನಿಧಾನಕ್ಕೆ ಹರಿಸಬೇಕು. ಅದೂ ವಾರದಲ್ಲಿ ಐದಾರು ರಾತ್ರಿ. ಕಣ್ಣು, ಕಿವಿ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು.

ಡೆಫೆರಾಸಿರಾಕ್ಸ್ ದಿನಕ್ಕೊಮ್ಮೆ ನುಂಗುವ ಔಷಧ. ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಕಿಡ್ನಿ, ಲಿವರ್ ಕೈಕೊಡಬಹುದು, ಹೊಟ್ಟೆ-ಕರುಳಿನಲ್ಲಿ ರಕ್ತಸ್ರಾವ ಆಗಬಹುದು ಎಂಬ ಗಂಭೀರ ಎಚ್ಚರಿಕೆ ಅದರ ಮೇಲೆ ಇದೆ. ಡೆಫೆರಿಪ್ರೋನ್ ಕೂಡ ಬಾಯಿಂದ ತೆಗೆದುಕೊಳ್ಳುವುದೇ. ಅದರ ದೊಡ್ಡ ಭಯ ಬಿಳಿ ರಕ್ತಕಣ ಕುಸಿಯುವುದು.

ಈ ಮೂರಕ್ಕೂ ಒಪ್ಪಿಗೆ ಇರುವುದು ದೇಹದಲ್ಲಿ ಕಬ್ಬಿಣ ಮಿತಿಮೀರಿದವರಿಗೆ. ಒಂದು ಯೂನಿಟ್ ರಕ್ತ ಏರಿಸಿದರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಬರುತ್ತದೆ. ನಮ್ಮ ದೇಹ ತಾನಾಗಿ ಹೊರಹಾಕುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಅಷ್ಟೆ. ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಪಡೆಯುವವರಲ್ಲಿ ಅದು ಹೃದಯ, ಲಿವರ್‌ಗಳಲ್ಲಿ ಕೂತುಬಿಡುತ್ತದೆ. ಅವರಿಗೆ ಈ ಔಷಧ ಜೀವ ಉಳಿಸುತ್ತದೆ, ಅದರ ತೊಂದರೆಗಳನ್ನು ಸಹಿಸಲು ಕಾರಣ ಇದೆ. ಹಳೇದಮ್ಮು ಅವರೇ, ನಿಮ್ಮ ದೇಹದಲ್ಲಿ ಇಡೀ ಕಬ್ಬಿಣ 3ರಿಂದ 4 ಗ್ರಾಂ. ಅದರಲ್ಲಿ ಮೂರನೇ ಎರಡು ಭಾಗ ಹಿಮೋಗ್ಲೋಬಿನ್‌ನಲ್ಲೇ ಇದೆ. ಹೆಚ್ಚುವರಿ ಇಲ್ಲದ ಕಡೆ ಈ ಔಷಧ ಹಾಕಿದರೆ ದೇಹಕ್ಕೆ ಬೇಕಾದ ಕಬ್ಬಿಣವನ್ನೇ ಎಳೆಯುತ್ತದೆ. ಕಬ್ಬಿಣದ ಹೊರೆ ಕಡಿಮೆ ಇದ್ದಷ್ಟೂ ಅಡ್ಡ ಪರಿಣಾಮದ ಅಪಾಯ ಜಾಸ್ತಿ.

ವಾರದ_ಸಿಬಿಸಿ

ನನ್ನ ಮಗಳು ಡೆಫೆರಿಪ್ರೋನ್ ತೆಗೆದುಕೊಳ್ಳುತ್ತಾಳೆ. ಅವಳಿಗೆ ಥಲಸ್ಸೀಮಿಯ ಮೇಜರ್. ಮೇಲಿನ ಮಾತು ಓದಿ ನಮ್ಮ ಮನೆಯ ಅನುಭವ ಬರೆಯಬೇಕು ಅನ್ನಿಸಿತು.

ದಿನಕ್ಕೆ ಮೂರು ಹೊತ್ತು ಮಾತ್ರೆ. ಒಂದು ಹೊತ್ತೂ ತಪ್ಪುವ ಹಾಗಿಲ್ಲ. ಮೂತ್ರ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ನೋಡಿದಾಗ ರಕ್ತ ಹೋಗುತ್ತಿದೆ ಅಂತಲೇ ಅಂದುಕೊಂಡೆವು. ಔಷಧ ಕಬ್ಬಿಣ ಹಿಡಿದುಕೊಂಡು ಹೊರಗೆ ಬರುತ್ತಿರುವ ಬಣ್ಣ ಅದು ಅಂತ ಡಾಕ್ಟರ್ ಸಮಾಧಾನ ಹೇಳಿದರು. ಮಂಡಿ ನೋವು ಬರುತ್ತದೆ. ಸತುವಿನ ಅಂಶ ಕಡಿಮೆಯಾಗಿ ಅದಕ್ಕೂ ಮಾತ್ರೆ.

ಮುಖ್ಯ ವಿಷಯ ರಕ್ತ ಪರೀಕ್ಷೆ. ರಿಪೋರ್ಟ್ ಬಂದ ಕೂಡಲೇ ನಾನು ಹಿಮೋಗ್ಲೋಬಿನ್ ನೋಡುವುದಿಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೊಫಿಲ್ ಸಾಲಿಗೆ ಕಣ್ಣು ಹೋಗುತ್ತದೆ. ಆ ಸಂಖ್ಯೆ 1500ರ ಕೆಳಗೆ ಬಂದರೆ ಔಷಧ ನಿಲ್ಲಬೇಕು. 500ರ ಕೆಳಗೆ ಹೋದರೆ ಸಾಮಾನ್ಯ ಸೋಂಕೂ ಜೀವಕ್ಕೆ ಕುತ್ತು. ಜ್ವರ ಬಂತು ಅಂದರೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಆ ಕ್ಷಣ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡುತ್ತೇವೆ. ಒಮ್ಮೆ ಸಂಖ್ಯೆ ಇಳಿದಿತ್ತು. ಔಷಧ ನಿಲ್ಲಿಸಿದ ಮೇಲೆ ಏರಿತು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ.

ಈ ಔಷಧದ ಮೇಲೆ ನನಗೆ ಅಪಾರ ಕೃತಜ್ಞತೆ ಇದೆ. ಅವಳ ಹೃದಯ ಉಳಿದಿರುವುದು ಅದರಿಂದಲೇ. ಆದರೆ ಹಳೇದಮ್ಮು ಅವರೇ, "ತೆಗೆದುಕೊಂಡು ನೋಡುವ" ಔಷಧ ಇದಲ್ಲ. ನಿಮ್ಮ ಕಷ್ಟ ಅರ್ಥವಾಗುತ್ತದೆ, ಅದಕ್ಕೇ ಇಷ್ಟು ಬರೆದೆ.

ಹಳೇದಮ್ಮು

ಓದಿದೆ. ಮಗಳಿಗೆ ಒಳ್ಳೆಯದಾಗಲಿ ಸರ್. ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ.

ಅಂಕಿಪುಸ್ತಕ

ಇನ್ನೊಂದು ಕಡೆಯಿಂದ ನೋಡಬೇಕಾದ ವಿಷಯ ಇದೆ. ನನ್ನದು ಜನಸಂಖ್ಯಾ ಅಧ್ಯಯನದ ಕ್ಷೇತ್ರ. ಕಬ್ಬಿಣ ಕಡಿಮೆ ಮಾಡಿದರೆ ಅಸ್ತಮಾ ತಗ್ಗುತ್ತದೆ ಅಂತ ಒಂದು ಅಧ್ಯಯನ ಹೇಳಿದರೆ, ಕಬ್ಬಿಣ ಕೊಟ್ಟರೆ ತಗ್ಗುತ್ತದೆ ಅಂತ ಹೇಳಿದ ಅಧ್ಯಯನಗಳೂ ಇವೆ!

2011ರಲ್ಲಿ ಬಂದ ಒಂದು ಇಲಿ ಅಧ್ಯಯನದಲ್ಲಿ ಕಬ್ಬಿಣ ಕೊಟ್ಟ ಇಲಿಗಳಲ್ಲಿ ಶ್ವಾಸನಾಳದ ಬಿಗಿತವೂ ಇಯೊಸಿನೊಫಿಲ್‌ಗಳೂ ಕಡಿಮೆಯಾದವು. 2012ರಲ್ಲಿ ಬೇರೆ ಗುಂಪು ಮಾಡಿದ ಪ್ರಯೋಗದಲ್ಲೂ ಕಬ್ಬಿಣದ ಪೂರೈಕೆಯಿಂದ ಇಲಿಗಳ ಶ್ವಾಸಕೋಶದ ಅಲರ್ಜಿ ಉರಿಯೂತ ಇಳಿಯಿತು. 2015ರಲ್ಲಿ ಅಮೆರಿಕದ ಆರೋಗ್ಯ ಸಮೀಕ್ಷೆಯ ಅಂಕಿಗಳಿಂದ ಮಹಿಳೆಯರನ್ನು ನೋಡಿದರು. ಫೆರಿಟಿನ್ ಹೆಚ್ಚಿದ್ದವರಲ್ಲಿ ಅಸ್ತಮಾ ಕಡಿಮೆ ಕಂಡಿತು. ದೇಹದಲ್ಲಿ ಕಬ್ಬಿಣ ಕಡಿಮೆ ಇದ್ದವರ ಉಸಿರಾಟದ ಸಾಮರ್ಥ್ಯವೂ ಕಡಿಮೆ ಇತ್ತು.

ಆಮೇಲೆ 2020ರಲ್ಲಿ ಆಸ್ಟ್ರೇಲಿಯಾದ ಒಂದು ತಂಡದ ಕೆಲಸ ಯುರೋಪಿಯನ್ ರೆಸ್ಪಿರೇಟರಿ ಜರ್ನಲ್‌ನಲ್ಲಿ ಬಂತು. ಅಸ್ತಮಾ ರೋಗಿಗಳ ಶ್ವಾಸನಾಳ ತೊಳೆದು ತೆಗೆದ ದ್ರವದಲ್ಲಿ ಕಬ್ಬಿಣ ಕಡಿಮೆ ಇತ್ತು. ಆದರೆ ಕಬ್ಬಿಣ ಒಳಗೆ ಎಳೆಯುವ ರಿಸೆಪ್ಟರ್ ಜಾಸ್ತಿ ಇತ್ತು. ಇಲಿಗಳ ಶ್ವಾಸಕೋಶದಲ್ಲಿ ಕಬ್ಬಿಣ ತುಂಬಿಸಿದಾಗ ಅಸ್ತಮಾದಂಥ ಲಕ್ಷಣಗಳು ಬಂದವು.

ಇವೆಲ್ಲ ಒಂದಕ್ಕೊಂದು ಎದುರಾಗಿ ಕಾಣುತ್ತವೆ ಅಲ್ವಾ? ಲ್ಯಾಬ್‌ಮೂಲೆ ಅವರು ಇದನ್ನು ಹೇಗೆ ನೋಡುತ್ತಾರೆ ಅಂತ ಕೇಳುವ ಆಸೆ.

ಲ್ಯಾಬ್‌ಮೂಲೆ

ಇದು ಈ ಚರ್ಚೆಯ ಅತಿ ಮುಖ್ಯ ಪ್ರಶ್ನೆ. ನೀಲಿಪಫ್ ಅವರ ಭಯಕ್ಕೂ ಉತ್ತರ ಇದರಲ್ಲೇ ಇದೆ.

ನನ್ನ ಅಭಿಪ್ರಾಯ ಇಷ್ಟು. ದೇಹದಲ್ಲಿ ಕಬ್ಬಿಣ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಒಂದು ಕಣದ ಒಳಗೆ ಎಷ್ಟಿದೆ ಎಂಬುದು ಬೇರೆಯೇ ಪ್ರಶ್ನೆ. ಸುದ್ದಿಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಅಂಕಿಪುಸ್ತಕ ಅವರು ಹೇಳಿದ 2020ರ ಕೆಲಸವನ್ನೇ ನೋಡಿ. ದ್ರವದಲ್ಲಿ ಕಬ್ಬಿಣ ಕಡಿಮೆ, ಎಳೆದುಕೊಳ್ಳುವ ರಿಸೆಪ್ಟರ್ ಜಾಸ್ತಿ. ಅಂದರೆ ಹೊರಗಿನ ಕಬ್ಬಿಣ ಕಣಗಳ ಒಳಗೆ ಹೋಗುತ್ತಿದೆ. ಒಬ್ಬರ ರಕ್ತದಲ್ಲಿ ಫೆರಿಟಿನ್ ಕಡಿಮೆ ಇರಬಹುದು, ಅದೇ ಹೊತ್ತಿಗೆ ಅವರ ಶ್ವಾಸಕೋಶದ ಕೆರಳಿದ ಕಣಗಳು ಸಿಕ್ಕಿದಷ್ಟೂ ಕಬ್ಬಿಣ ಎಳೆದುಕೊಳ್ಳುತ್ತಿರಬಹುದು. ರಿಸೆಪ್ಟರ್ ಹೆಚ್ಚಿಸಿಕೊಂಡ ಕಣ ಬಡವರ ದೇಹದಲ್ಲೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಕಬ್ಬಿಣದ ವಿಷಯದಲ್ಲಿ "ಬಡವರು" ಅಂತ ಹೇಳಿದೆ.

ಇನ್ನೊಂದು ಹಳೆಯ ಸಂಗತಿ. 1991ರಲ್ಲೇ ಟಿ ಕಣಗಳು ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕಣಗಳ ಮೇಲೆ ಒಂದು ಪ್ರಯೋಗ ಆಗಿತ್ತು. ಟ್ರಾನ್ಸ್‌ಫೆರಿನ್ ರಿಸೆಪ್ಟರ್ ತಡೆದಾಗ ಅಥವಾ ಡೆಫೆರಾಕ್ಸಮಿನ್ ಹಾಕಿದಾಗ ಟಿಎಚ್1 ಬಗೆಯ ಕಣಗಳು ಬೇಗ ಸೋತವು. ಟಿಎಚ್2 ಬಗೆಯವು ಅಷ್ಟು ಸೋಲಲಿಲ್ಲ. ಅಲರ್ಜಿ, ಅಸ್ತಮಾ ಕಡೆಗೆ ವಾಲಿಸುವುದು ಟಿಎಚ್2. ಇಡೀ ದೇಹದಲ್ಲಿ ಕಬ್ಬಿಣ ಸ್ವಲ್ಪ ಸ್ವಲ್ಪವಾಗಿ ಬಹಳ ಕಾಲ ಕಡಿಮೆ ಇದ್ದರೆ ತಕ್ಕಡಿ ಅಲರ್ಜಿಯ ಕಡೆಗೇ ವಾಲಬಹುದು ಅಂತ ಇದರಿಂದ ಊಹಿಸಬಹುದು. 2015ರ ಸಮೀಕ್ಷೆಯಲ್ಲಿ ಕಂಡದ್ದಕ್ಕೂ ಇದು ಹೊಂದುತ್ತದೆ. ಐಎಲ್‌ಸಿ2 ಕಣಕ್ಕೆ ಕೆರಳುವ ಹೊತ್ತಿನಲ್ಲೇ ಕಬ್ಬಿಣದ ದಾರಿ ಮುಚ್ಚುವುದು ಬೇರೆ ವಿಷಯ. ತಡೆದದ್ದು ಯಾವ ಕಣದಲ್ಲಿ, ಯಾವ ಹೊತ್ತಿನಲ್ಲಿ ಎಂಬುದರ ಮೇಲೆ ಫಲಿತಾಂಶ ತಿರುಗಿಬಿಡುತ್ತದೆ.

ಹಾಗಾಗಿ ನೀಲಿಪಫ್ ಅವರೇ, ನಿಮ್ಮ ಮಾತ್ರೆ ನೇರವಾಗಿ ಶ್ವಾಸಕೋಶಕ್ಕೆ ಹೋಗುವುದಿಲ್ಲ. ಮೂಳೆ ಮಜ್ಜೆಗೆ ಕೆಂಪು ರಕ್ತಕಣ ಮಾಡಲು ದಿನಕ್ಕೆ 20 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಬೇಕು. ರಕ್ತಹೀನತೆ ಇದ್ದಾಗ ಬಂದ ಕಬ್ಬಿಣದ ಬಹುಪಾಲು ಅಲ್ಲೇ ಹೋಗುತ್ತದೆ.

ಓದುಗ_ರಾತ್ರಿಪಾಳಿ

ಕಬ್ಬಿಣ ಇಲ್ಲದಿದ್ದರೆ ಆ ಐಎಲ್‌ಸಿ2 ಯಾಕೆ ಮಂಕಾಗುತ್ತದೆ? ರಕ್ತಕಣಕ್ಕಾದರೆ ಹಿಮೋಗ್ಲೋಬಿನ್ ಬೇಕು, ಗೊತ್ತು. ಇವಕ್ಕೆ ಏನಕ್ಕೆ?

ಲ್ಯಾಬ್‌ಮೂಲೆ

ಒಳ್ಳೆಯ ಪ್ರಶ್ನೆ. ನನಗೆ ಆ ಲೇಖನದಲ್ಲಿ ಅತಿ ಇಷ್ಟವಾದ ಭಾಗವೂ ಇದೇ.

ಕಣಕ್ಕೆ ಶಕ್ತಿ ಕೊಡುವುದು ಮೈಟೊಕಾಂಡ್ರಿಯ. ಅದರೊಳಗೆ ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನ್‌ಗಳಲ್ಲಿ ಕಬ್ಬಿಣ-ಗಂಧಕದ ಗೊಂಚಲುಗಳಿವೆ. ಕಬ್ಬಿಣ ಇಲ್ಲದಿದ್ದರೆ ಆ ಸಾಲು ನಿಲ್ಲುತ್ತದೆ. ಎರಡನೆಯದು ಇನ್ನೂ ಸ್ವಾರಸ್ಯ. ನಮ್ಮ ಕಣಗಳಲ್ಲಿ ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟು ಇದ್ದಾಗ ಅದನ್ನು ಒಂದು ಬಗೆಯ ಕಿಣ್ವ ಗುರುತು ಹಾಕಿ ಒಡೆಸಿಬಿಡುತ್ತದೆ. ಆ ಕಿಣ್ವ ಕೆಲಸ ಮಾಡಲು ಆಮ್ಲಜನಕದ ಜೊತೆ ಕಬ್ಬಿಣವೂ ಬೇಕು. ಕಬ್ಬಿಣ ತೆಗೆದರೆ ಎಚ್‌ಐಎಫ್ ಒಡೆಯುವುದಿಲ್ಲ. ಉಸಿರಾಟಕ್ಕೆ ಆಮ್ಲಜನಕ ಚೆನ್ನಾಗಿಯೇ ಇದ್ದರೂ ಕಣ ಮಾತ್ರ ಆಮ್ಲಜನಕ ಇಲ್ಲದ ಹಾಗೆ ನಡೆದುಕೊಳ್ಳುತ್ತದೆ. ಮೈಟೊಕಾಂಡ್ರಿಯ ತಗ್ಗಿಸಿ, ಗ್ಲುಕೋಸನ್ನು ಅವಸರದಲ್ಲಿ ಒಡೆಯುವ ದಾರಿ ಹಿಡಿಯುತ್ತದೆ. ಈ ಎಚ್‌ಐಎಫ್ ವ್ಯವಸ್ಥೆಯನ್ನು ಬಿಡಿಸಿದ್ದಕ್ಕೇ 2019ರ ವೈದ್ಯಕೀಯ ನೊಬೆಲ್ ಮೂವರಿಗೆ ಸಿಕ್ಕಿತು: ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ.

ಐಎಲ್‌ಸಿ2ಗೆ ಈ ದಾರಿ ಒಗ್ಗುವುದಿಲ್ಲ. ಆ ಸ್ಥಿತಿಯಲ್ಲಿ ಅದು ಐಎಲ್-13 ಸುರಿಸುವುದು ಕಡಿಮೆ ಮಾಡುತ್ತದೆ. ತಂಡದವರು ಇಲಿಗಳನ್ನು ಆಮ್ಲಜನಕ ಕಡಿಮೆ ಇರುವ ಸ್ಥಿತಿಗೆ ಒಡ್ಡಿದಾಗಲೂ ಶ್ವಾಸನಾಳದ ಬಿಗಿತ ಇಳಿಯಿತು. ಎರಡೂ ಒಂದೇ ಗುಂಡಿ ಒತ್ತುತ್ತಿವೆ ಅನ್ನುವುದಕ್ಕೆ ಅದು ಆಧಾರ. ದಯವಿಟ್ಟು ಯಾರೂ ಇದನ್ನು ಓದಿ ಉಸಿರು ಬಿಗಿಹಿಡಿಯುವ ಪ್ರಯೋಗಕ್ಕೆ ಇಳಿಯಬೇಡಿ. ಅಸ್ತಮಾ ಇರುವವರಿಗೆ ಆಮ್ಲಜನಕ ಕಡಿಮೆಯಾಗುವುದು ಅಪಾಯವೇ.

ನೀಲಿಪಫ್

ನಿಜವಾಗಿಯೂ ಭಾರ ಇಳಿದಂತಾಯಿತು. ಇಂದಿನಿಂದ ಮಾತ್ರೆ ಮತ್ತೆ ಶುರು. ಡಾಕ್ಟರಿಗೂ ಹೇಳಿದೆ, ಅವರೂ ಮುಂದುವರಿಸಿ ಅಂದರು.

ಇನ್ನೊಂದು ಕೇಳಬೇಕು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಅದು ಅಸ್ತಮಾದ್ದೋ ರಕ್ತ ಕಡಿಮೆ ಇರುವುದರದ್ದೋ ಅಂತ ತಿಳಿಯುವುದು ಹೇಗೆ? ನೀಲಿ ಇನ್ಹೇಲರ್ ಎಳೆದರೆ ಕೆಲವು ಸಲ ಏನೂ ಆಗುವುದಿಲ್ಲ.

ಸ್ಪೇಸರ್‌ಸಿಸ್ಟರ್

ನಾನು ಎದೆರೋಗ ವಿಭಾಗದಲ್ಲಿ ನರ್ಸ್. ಈ ಗೊಂದಲ ದಿನಾ ನೋಡುತ್ತೇನೆ. ರಕ್ತಹೀನತೆಯ ಏದುಸಿರನ್ನು ಅಸ್ತಮಾ ಅಂದುಕೊಂಡು ನೀಲಿ ಇನ್ಹೇಲರ್ ಮೇಲೆ ಇನ್ಹೇಲರ್ ಎಳೆಯುವವರಿದ್ದಾರೆ. ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಉಸಿರು ಮಾತ್ರ ಸರಿಹೋಗುವುದಿಲ್ಲ.

ಒಂದು ಪೀಕ್ ಫ್ಲೋ ಮೀಟರ್ ಇಟ್ಟುಕೊಳ್ಳಿ, ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗದಲ್ಲಿ ಹೊರಬರುತ್ತದೆ ಅಂತ ಅದು ಅಳೆಯುತ್ತದೆ. ಚೆನ್ನಾಗಿರುವ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಊದಿ ನಿಮ್ಮ ಒಳ್ಳೆಯ ಸಂಖ್ಯೆ ಎಷ್ಟು ಅಂತ ಬರೆದಿಡಿ. ನಿಂತುಕೊಂಡು, ಪೂರ್ತಿ ಉಸಿರು ಎಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ, ಅದರಲ್ಲಿ ಹೆಚ್ಚಿನದನ್ನು ಬರೆಯಿರಿ. ಏದುಸಿರು ಬಂದಾಗ ಮತ್ತೆ ಊದಿ. ಸಂಖ್ಯೆ ಬಿದ್ದಿದ್ದರೆ ನಾಳ ಬಿಗಿದಿದೆ, ನೀಲಿ ಇನ್ಹೇಲರ್ ಎಳೆದ 15 ನಿಮಿಷಕ್ಕೆ ಏರಬೇಕು. ಸಂಖ್ಯೆ ನಿಮ್ಮ ಒಳ್ಳೆಯ ಸಂಖ್ಯೆಯ ಹತ್ತಿರವೇ ಇದ್ದರೆ ಬೇರೆ ಕಾರಣ ಹುಡುಕಬೇಕು. ರಕ್ತಹೀನತೆ ಪೀಕ್ ಫ್ಲೋ ಇಳಿಸುವುದಿಲ್ಲ. ಆ ಪುಸ್ತಕ ಡಾಕ್ಟರಿಗೆ ತೋರಿಸಿ, ಅವರಿಗೆ ಅದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ. ಮಾತಾಡಲೂ ಆಗದಷ್ಟು ದಮ್ಮು ಬಂದರೆ ಮೀಟರ್ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಔಷಧಕೌಂಟರ್

ಮಾತ್ರೆಯ ಬಗ್ಗೆ ಒಂದು ಸೇರಿಸುತ್ತೇನೆ. ಹೊಟ್ಟೆ ಉರಿಗೆ ಆ್ಯಂಟಾಸಿಡ್ ಅಥವಾ ಆಮ್ಲ ಕಡಿಮೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಅಸ್ತಮಾ ಇರುವ ಬಹಳ ಮಂದಿ ಎದೆಯುರಿಗೆ ಅದನ್ನು ತೆಗೆದುಕೊಳ್ಳುತ್ತಾರೆ. ಕಬ್ಬಿಣ ಹೀರಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಮಾತ್ರೆಯಿಂದ ಮಲಬದ್ಧತೆ ಇದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತಲೂ ಕೇಳಿ. ಒಂದು ಡೋಸ್ ಬಿದ್ದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಸುಮಾರು ಒಂದು ದಿನ ಮುಂದಿನ ಕಬ್ಬಿಣಕ್ಕೆ ಕರುಳಿನಲ್ಲಿ ತಡೆ ಹಾಕುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರುವ ಪಾಲು ಜಾಸ್ತಿ.

ಓದುಗ_ರಾತ್ರಿಪಾಳಿ

ನನ್ನ ತಮ್ಮನಿಗೂ ಅಸ್ತಮಾ. ಅವನ ರಿಪೋರ್ಟ್‌ನಲ್ಲಿ ಫೆರಿಟಿನ್ ಮೇಲಿದೆ. ಅಂದರೆ ಅವನಿಗೆ ಕಬ್ಬಿಣ ಜಾಸ್ತಿ ಆಗಿದೆ ಅಂತಲಾ? ಅವನಿಗಾದರೂ ಈ ಔಷಧ ಆಗಬಹುದಾ?

ಲ್ಯಾಬ್‌ಮೂಲೆ

ಹಾಗೆ ಹೇಳಲು ಆಗುವುದಿಲ್ಲ. ಫೆರಿಟಿನ್ ಕಬ್ಬಿಣದ ಉಗ್ರಾಣ ಹೌದು. ಆದರೆ ಉರಿಯೂತ, ಸೋಂಕು ಇದ್ದಾಗಲೂ ಅದು ಏರುತ್ತದೆ. ಐಎಲ್-6 ಎಂಬ ಸಂಕೇತದಿಂದ ಹೆಪ್ಸಿಡಿನ್ ಹೆಚ್ಚಾಗಿ, ಕಬ್ಬಿಣ ಉಗ್ರಾಣದಲ್ಲೇ ಸಿಕ್ಕಿಬೀಳುತ್ತದೆ. ಕಣಜ ತುಂಬಿದೆ, ಬೀಗ ಹಾಕಿದೆ, ಮನೆಯವರು ಉಪವಾಸ. ತಮ್ಮನಿಗೆ ಸಿಆರ್‌ಪಿ (ಉರಿಯೂತ ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ಟ್ರಾನ್ಸ್‌ಫೆರಿನ್ ಎಷ್ಟು ಪಾಲು ಕಬ್ಬಿಣ ತುಂಬಿಕೊಂಡಿದೆ ಎಂಬುದು) ಜೊತೆಗಿಟ್ಟು ನೋಡಿದರೆ ಮಾತ್ರ ಅರ್ಥವಾಗುತ್ತದೆ. ಅವನ ಡಾಕ್ಟರನ್ನೇ ಕೇಳಲು ಹೇಳಿ.

ಹಳೇದಮ್ಮು

ಸರಿ, ಈ ಔಷಧಗಳು ಇಂದು ನನಗಲ್ಲ, ಒಪ್ಪಿದೆ. ಆದರೆ ನಾಳೆ? ಇನ್ಹೇಲರ್‌ನಲ್ಲೇ ಹಾಕಿ ಶ್ವಾಸಕೋಶಕ್ಕೆ ಮಾತ್ರ ಕೊಡಲು ಆಗುವುದಿಲ್ಲವೇ? ಆಗ ಮಜ್ಜೆಗೆ, ಕಿಡ್ನಿಗೆ ತೊಂದರೆ ಇರುವುದಿಲ್ಲ ಅಲ್ವಾ?

ಲ್ಯಾಬ್‌ಮೂಲೆ

ನನ್ನ ಮನಸ್ಸಿನಲ್ಲಿರುವುದೂ ಅದೇ ದಾರಿ. ಇಡೀ ದೇಹದ ಕಬ್ಬಿಣ ಕೆಣಕದೆ, ಶ್ವಾಸಕೋಶದ ಆ ಕಣಗಳಲ್ಲಿ ಮಾತ್ರ ಬಾಗಿಲು ಮುಚ್ಚಬೇಕು. ಆದರೆ ಅಲ್ಲಿಗೆ ಹೋಗುವ ಮುಂಚೆ ದಾಟಬೇಕಾದ ಕಷ್ಟಗಳನ್ನು ಮುಚ್ಚಿಡಬಾರದು.

ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಐಎಲ್‌ಸಿ2ಗೆ ಮಾತ್ರ ಸೇರಿದ್ದಲ್ಲ. ಬೇಗ ಬೆಳೆಯುವ ಎಲ್ಲ ಕಣಗಳೂ ಅದನ್ನು ಬಳಸುತ್ತವೆ. ಆ ರಿಸೆಪ್ಟರಿನ ಜೀನ್‌ನಲ್ಲಿ ದೋಷ ಇರುವ ಮಕ್ಕಳ ಬಗ್ಗೆ 2016ರಲ್ಲಿ ನೇಚರ್ ಜೆನೆಟಿಕ್ಸ್‌ನಲ್ಲಿ ಬಂದಿತ್ತು. ಅವರಿಗೆ ರಕ್ತಹೀನತೆ ಸೌಮ್ಯವಾಗಿಯೇ ಇತ್ತು. ಆದರೆ ರೋಗನಿರೋಧಕ ಶಕ್ತಿ ಕುಸಿದು, ಸೋಂಕಿನ ಮೇಲೆ ಸೋಂಕು. ಕಬ್ಬಿಣದ ಈ ಬಾಗಿಲು ರೋಗನಿರೋಧಕ ಕಣಗಳಿಗೆ ಎಷ್ಟು ಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದನ್ನು ಎಲ್ಲ ಕಡೆ ಮುಚ್ಚಿದರೆ ಏನಾಗುತ್ತದೆ ಅಂತಲೂ ಅದೇ ತೋರಿಸುತ್ತದೆ.

ಎರಡನೆಯದು ಶಿಲೀಂಧ್ರ. ಡೆಫೆರಾಕ್ಸಮಿನ್ ಹಿಡಿದ ಕಬ್ಬಿಣವನ್ನು ಮ್ಯೂಕರ್ ಗುಂಪಿನ ಶಿಲೀಂಧ್ರಗಳು ಕಿತ್ತುಕೊಂಡು ಬೆಳೆಯುತ್ತವೆ. ಆ ಔಷಧ ಪಡೆಯುವವರಲ್ಲಿ ಈ ಸೋಂಕು ಕಂಡಿದೆ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವ, ಸಕ್ಕರೆ ಏರಿರುವ ಒಬ್ಬರ ಶ್ವಾಸಕೋಶಕ್ಕೆ ನೇರವಾಗಿ ಅಂಥದ್ದನ್ನು ಹಾಕುವ ಮುಂಚೆ ನಾನಂತೂ ಹತ್ತು ಸಲ ಯೋಚಿಸುತ್ತೇನೆ. ಎಲ್ಲ ಕಬ್ಬಿಣ ಹಿಡಿಯುವ ಔಷಧಗಳೂ ಹೀಗಲ್ಲ. ಯಾವುದನ್ನು ಆರಿಸುತ್ತೇವೆ ಅನ್ನುವುದು ಮುಖ್ಯ.

ಅಂಕಿಪುಸ್ತಕ

ಪಾರ್ಕಿನ್ಸನ್ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಆ ಕಾಯಿಲೆಯಲ್ಲಿ ಮಿದುಳಿನ ಒಂದು ಭಾಗದಲ್ಲಿ ಕಬ್ಬಿಣ ಹೆಚ್ಚಾಗಿರುತ್ತದೆ. ಡೆಫೆರಿಪ್ರೋನ್ ಮಿದುಳಿಗೂ ಹೋಗಬಲ್ಲದು. ಕಬ್ಬಿಣ ತೆಗೆದರೆ ಕಾಯಿಲೆ ನಿಧಾನವಾಗುತ್ತದೆ ಅಂತ ಎಲ್ಲರಿಗೂ ಆಸೆ ಇತ್ತು. ಹೊಸದಾಗಿ ರೋಗ ಪತ್ತೆಯಾದ 372 ಮಂದಿಗೆ 36 ವಾರ ಔಷಧ ಅಥವಾ ಡಮ್ಮಿ ಮಾತ್ರೆ ಕೊಟ್ಟರು. 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. ಮಿದುಳಿನ ಕಬ್ಬಿಣ ಇಳಿಯಿತು. ಆದರೆ ಔಷಧ ತೆಗೆದುಕೊಂಡವರ ಲಕ್ಷಣಗಳು ಡಮ್ಮಿ ತೆಗೆದುಕೊಂಡವರಿಗಿಂತ ಹೆಚ್ಚು ಹದಗೆಟ್ಟವು.

ಪಾರ್ಕಿನ್ಸನ್‌ನಲ್ಲಿ ಕೊರತೆಯಾಗುವ ಮಿದುಳಿನ ಸಂಕೇತ ಡೋಪಮೈನ್. ಅದನ್ನು ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು. ಕಾರಣ ಅದಿರಬಹುದು ಅಂತ ಹೇಳುತ್ತಾರೆ. ಇಷ್ಟು ಚೆನ್ನಾಗಿ ಕಂಡ ಲೆಕ್ಕಾಚಾರ ಮನುಷ್ಯರಲ್ಲಿ ತಲೆಕೆಳಗಾಯಿತು. ಅಸ್ತಮಾದಲ್ಲೂ ಮನುಷ್ಯರ ಪ್ರಯೋಗ ಆಗುವವರೆಗೆ ಯಾರೂ ಮಾತು ಕೊಡಬಾರದು.

ಸ್ಪೇಸರ್‌ಸಿಸ್ಟರ್

ಹಳೇದಮ್ಮು ಅವರೇ, ನಾಳೆಯದು ಹಾಗಿರಲಿ. ಇಂದು ಇರುವುದನ್ನು ನಿಮಗೆ ಪೂರ್ತಿ ನೋಡಿದ್ದಾರಾ? ನಿಮ್ಮ ಇಯೊಸಿನೊಫಿಲ್ ಸಂಖ್ಯೆ ಎಷ್ಟು? ಅಲರ್ಜಿ ಬಗೆಯ ಉರಿಯೂತ ತಿಳಿಯಲು ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಅಳೆದಿದ್ದಾರಾ? ಐಎಲ್‌ಸಿ2 ಸುರಿಸುವ ಅದೇ ವಸ್ತುಗಳನ್ನು ತಡೆಯುವ ಚುಚ್ಚುಮದ್ದುಗಳು ಆಗಲೇ ಬಳಕೆಯಲ್ಲಿವೆ. ಮೆಪೊಲಿಜುಮಾಬ್ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಐಎಲ್-5 ಹಿಡಿಯುತ್ತದೆ. ಡುಪಿಲುಮಾಬ್ ಐಎಲ್-4, ಐಎಲ್-13 ಎರಡರ ಕೆಲಸವನ್ನೂ ತಡೆಯುತ್ತದೆ. ಟೆಜೆಪೆಲುಮಾಬ್ ಇನ್ನೂ ಮೇಲಿನ ಹಂತದಲ್ಲೇ, ಟಿಎಸ್‌ಎಲ್‌ಪಿ ಎಂಬ ಸಂಕೇತವನ್ನೇ ಹಿಡಿಯುತ್ತದೆ. ಇವನ್ನು ಮನುಷ್ಯರಲ್ಲಿ ದೊಡ್ಡ ಪ್ರಯೋಗ ಮಾಡಿಯೇ ತಂದಿದ್ದಾರೆ. ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡಲು ಹಲವರಿಗೆ ನೆರವಾಗಿವೆ.

ಅದಕ್ಕೂ ಮುಂಚೆ ನಿಮ್ಮ ಇನ್ಹೇಲರ್ ಎಳೆಯುವ ರೀತಿ ಯಾರಾದರೂ ಎದುರು ಕೂತು ನೋಡಲಿ. ಗಟ್ಟಿ ಅಸ್ತಮಾ ಅಂತ ಬಂದವರಲ್ಲಿ ಎಷ್ಟೋ ಜನರ ಔಷಧ ನಾಲಿಗೆ, ಗಂಟಲಿಗೇ ಬಿದ್ದಿರುತ್ತದೆ. ನಿಮ್ಮ ವಿಷಯದಲ್ಲಿ ಹಾಗೆ ಅಂತ ಹೇಳುತ್ತಿಲ್ಲ. ನೋಡಿಸಿಬಿಡಿ ಅಷ್ಟೆ.

ಹಳೇದಮ್ಮು

ಇಯೊಸಿನೊಫಿಲ್ ಹಳೆಯ ರಿಪೋರ್ಟ್‌ನಲ್ಲಿ ಜಾಸ್ತಿಯೇ ಇತ್ತು. ಆಗ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಮುಂದಿನ ಭೇಟಿಗೆ ಆ ಕಾಗದ ತೆಗೆದುಕೊಂಡು ಹೋಗುತ್ತೇನೆ. ಚುಚ್ಚುಮದ್ದಿನ ಬಗ್ಗೆ ನಾನೇ ಕೇಳುತ್ತೇನೆ. ತುಂಬಾ ಧನ್ಯವಾದ ಸಿಸ್ಟರ್.

ವಾರದ_ಸಿಬಿಸಿ

ಕೊನೆಗೆ ನನ್ನದೊಂದು ಪ್ರಶ್ನೆ, ಲ್ಯಾಬ್‌ಮೂಲೆ ಅವರಿಗೆ. ಥಲಸ್ಸೀಮಿಯ ಇರುವ ನಮ್ಮ ಮಕ್ಕಳು ವರ್ಷಗಟ್ಟಲೆ ಈ ಔಷಧ ತೆಗೆದುಕೊಳ್ಳುತ್ತಾರೆ. ಅವರಲ್ಲಿ ಅಸ್ತಮಾ ಕಡಿಮೆ ಇದೆಯಾ ಅಂತ ನೋಡಿದರೆ ಉತ್ತರ ಸಿಗುವುದಿಲ್ಲವೇ?

ಲ್ಯಾಬ್‌ಮೂಲೆ

ಕೇಳಲು ಸರಳ, ಉತ್ತರ ತೆಗೆಯುವುದು ಕಷ್ಟ. ನಿಮ್ಮ ಮಗಳ ದೇಹದಲ್ಲಿ ಕಬ್ಬಿಣ ಹೊರಗಿನಿಂದ ಬರುತ್ತಲೇ ಇದೆ. ಔಷಧ ಅದನ್ನು ಹೊರಹಾಕುತ್ತಲೇ ಇದೆ. ಹಾಗಾಗಿ ಅವಳ ಐಎಲ್‌ಸಿ2 ಕಣಗಳಿಗೆ ಕಬ್ಬಿಣದ ಕೊರತೆ ಇದೆ ಅಂತ ಹೇಳಲು ಆಗುವುದಿಲ್ಲ. ರಕ್ತ ಏರಿಸುವುದರಿಂದಲೂ ರೋಗನಿರೋಧಕ ವ್ಯವಸ್ಥೆ ಬದಲಾಗುತ್ತದೆ. ಗುಲ್ಮ ತೆಗೆದಿದ್ದರೆ ಅದೂ ಸೇರುತ್ತದೆ. ಯಾವುದರಿಂದ ಏನಾಯಿತು ಅಂತ ಬೇರ್ಪಡಿಸುವುದು ಹೇಗೆ?

ಇನ್ನೊಂದು ಇದೆ. ಥಲಸ್ಸೀಮಿಯ ಮೇಜರ್ ಇರುವವರ ಶ್ವಾಸಕೋಶ ಪರೀಕ್ಷೆಯಲ್ಲಿ ಹೆಚ್ಚಾಗಿ ಕಾಣುವುದು ಶ್ವಾಸಕೋಶ ಪೂರ್ತಿ ಹಿಗ್ಗದಿರುವ ಬಗೆಯ ತೊಂದರೆ. ಅಸ್ತಮಾದಲ್ಲಿ ನಾಳ ಬಿಗಿದು ಗಾಳಿ ಹೊರಗೆ ಬರುವುದು ಕಷ್ಟವಾಗುತ್ತದೆ. ಅದೇ ಬೇರೆ, ಇದೇ ಬೇರೆ. ಹಾಗಾಗಿ ನೇರ ಹೋಲಿಕೆ ದಾರಿ ತಪ್ಪಿಸುತ್ತದೆ. ಮಗಳಿಗೆ ಸ್ಪೈರೊಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ ಮಾಡಿಸಿದ್ದೀರಾ?

ವಾರದ_ಸಿಬಿಸಿ

ಇಲ್ಲ. ಹೃದಯದ ಎಂಆರ್‌ಐ, ಲಿವರ್ ಎಲ್ಲ ಮಾಡಿಸುತ್ತೇವೆ. ಶ್ವಾಸಕೋಶದ್ದು ಯಾರೂ ಹೇಳಿರಲಿಲ್ಲ. ಮುಂದಿನ ಸಲ ರಕ್ತ ಏರಿಸಲು ಹೋದಾಗ ಕೇಳುತ್ತೇನೆ.

ಸ್ಪೇಸರ್‌ಸಿಸ್ಟರ್

ರಕ್ತ ಏರಿಸಿದ ಮೇಲೆ, ಅವಳು ಸುಸ್ತಿಲ್ಲದ ದಿನ ಇಟ್ಟುಕೊಳ್ಳಿ. ಸ್ಪೈರೊಮೆಟ್ರಿಯಲ್ಲಿ ಜೋರಾಗಿ ಊದಬೇಕು. ಸುಸ್ತಿದ್ದರೆ ಸಂಖ್ಯೆ ಸರಿಯಾಗಿ ಬರುವುದಿಲ್ಲ.